ಕೆರೆ ಕಟ್ಟಿದವನೂ ಸುಮ್ಮನಿದ್ದವನೂ

ಮನಶ್ಶಾಂತಿಯೆಂಬುದು ದುಡಿದು ಗಳಿಸಬೇಕಾದ ವಸ್ತುವೋ, ಗಳಿಸಬೇಕೆಂಬ ಹಂಬಲವನ್ನೇ ಕೈಬಿಟ್ಟಾಗ ತಾನಾಗಿ ಒದಗುವ ಸ್ಥಿತಿಯೋ? ಕನ್ನಡನಾಡಿನಲ್ಲಿ ಈ ಪ್ರಶ್ನೆಗೆ ದೀರ್ಘವಾದೊಂದು ಇತಿಹಾಸವಿದೆ. ಅದರ ನಡುವೆ 12ನೆಯ ಶತಮಾನದ ಇಬ್ಬರು ಶರಣರು ಎದುರುಬದುರಾಗಿ ನಿಂತಿದ್ದಾರೆ. ಒಬ್ಬನು ಅಲ್ಲಮಪ್ರಭು, ಎಲ್ಲಿಯೂ ನೆಲೆ ನಿಲ್ಲದೆ ಸಂಚರಿಸಿದವನು. ಇನ್ನೊಬ್ಬನು ಸೊನ್ನಲಿಗೆಯ ಸಿದ್ಧರಾಮ. ನಿಂತ ನೆಲದಲ್ಲಿಯೇ ಕೆರೆ ತೋಡಿಸಿ, ಗುಡಿ ಕಟ್ಟಿಸಿ, ಊರನ್ನು ಬೆಳೆಸಿದವನು. ಆ ಸೊನ್ನಲಿಗೆಯೇ ಈಗ ಮಹಾರಾಷ್ಟ್ರಕ್ಕೆ ಸೇರಿರುವ ಸೋಲಾಪುರ.

ಅಲ್ಲಮನಿಗೆ ಶಾಂತಿ ದೊರೆತ ಬಗೆಯನ್ನು ಮೊದಲು ಕೇಳಬೇಕಾದುದು ಹರಿಹರನ ಬಾಯಿಂದ. ಅವನ 'ಪ್ರಭುದೇವರ ರಗಳೆ'ಯಲ್ಲಿ ಅಲ್ಲಮ ಮದ್ದಳೆ ಬಾರಿಸುವ ತರುಣ. ಕಮಲತೆಯೆಂಬವಳನ್ನು ಒಲಿದು ಕೂಡಿದವನು. ಆಕೆ ಜ್ವರದಿಂದ ತೀರಿಕೊಂಡಾಗ ಅವನು ಮರುಳನಂತೆ ಅಲೆಯುತ್ತಾನೆ. ಒಂದೆಡೆ ಕುಳಿತು, ಏನೂ ತೋಚದೆ, ಕಾಲ ಉಗುರಿನಿಂದ ನೆಲವನ್ನು ಕೆರೆಯುತ್ತಿರುವಾಗ ಮಣ್ಣಿನಲ್ಲಿ ಹೂತುಹೋದ ದೇಗುಲದ ಕಳಶವೊಂದು ಕಣ್ಣಿಗೆ ಬೀಳುತ್ತದೆ. ಅಗೆದು ಒಳಹೊಕ್ಕರೆ ಅಲ್ಲಿ ಅಂಗೈಯಲ್ಲಿ ಲಿಂಗವನ್ನಿಟ್ಟುಕೊಂಡು ರೆಪ್ಪೆ ಮಿಟುಕಿಸದೆ ಕುಳಿತ ಯೋಗಿ. ಅನಿಮಿಷನೆಂದೇ ಅವನ ಹೆಸರು. ಲಿಂಗ ಅಲ್ಲಮನ ಕೈ ಸೇರುತ್ತದೆ, ಯೋಗಿಯ ಪ್ರಾಣ ಹಾರಿಹೋಗುತ್ತದೆ.

ಆ ಕಾಲ ಉಗುರು ನನಗೆ ಬಹಳ ಮುಖ್ಯವೆನಿಸುತ್ತದೆ. ಅಲ್ಲಮ ಗುರುವನ್ನು ಅರಸಿ ಗುದ್ದಲಿ ಹಿಡಿದು ಹೊರಟವನಲ್ಲ. ಬೇಕೆಂಬುದೆಲ್ಲ ಸುಟ್ಟುಹೋದಮೇಲೆ ಉಳಿದ ಒಂದು ಗುರಿಯಿಲ್ಲದ ಚಲನೆ ಅದು. ಕಳಶ ಕಂಡದ್ದು ಅದಕ್ಕೆ. 15ನೆಯ ಶತಮಾನದಲ್ಲಿ, ಪ್ರೌಢದೇವರಾಯನ ಕಾಲದ ಚಾಮರಸ, ತನ್ನ 'ಪ್ರಭುಲಿಂಗಲೀಲೆ'ಯಲ್ಲಿ ಅಲ್ಲಮನನ್ನು ಮೊದಲಿನಿಂದಲೇ ಮಾಯೆಗೆ ಅತೀತನನ್ನಾಗಿ ಮಾಡಿದ. ಭಕ್ತರ ಮನಸ್ಸಿಗೆ ಇದು ಹಿತವಾಗಿರಬಹುದು. ಆದರೆ ಕಳೆದುಕೊಂಡು ಶಾಂತನಾದ ಮನುಷ್ಯನೊಬ್ಬನನ್ನು ಕಾಣಬೇಕಾದರೆ ನಾವು ಹರಿಹರನ ಬಳಿಗೇ ಹಿಂದಿರುಗಬೇಕು.

ಚಾಮರಸನಿಗೂ ಸಲ್ಲಬೇಕಾದ ಮನ್ನಣೆ ಸಲ್ಲಲಿ. ಗೋರಕ್ಷನ ಪ್ರಸಂಗವನ್ನು ಅವನು ಬಹು ಸೊಗಸಾಗಿ ಹೇಳಿದ್ದಾನೆ. ಹಠಯೋಗದಿಂದ ದೇಹವನ್ನು ವಜ್ರವಾಗಿಸಿಕೊಂಡ ಗೋರಕ್ಷನಿಗೆ ಕತ್ತಿಯಿಂದ ಹೊಡೆದರೆ ಖಣಿಲೆಂದು ಸದ್ದಾಗುತ್ತದೆ. ಅದೇ ಕತ್ತಿಯನ್ನು ಅಲ್ಲಮನ ಮೇಲೆ ಬೀಸಿದರೆ ಬಯಲಿನಲ್ಲಿ ಬೀಸಿದಂತೆ ಹಾದುಹೋಗುತ್ತದೆ. ಸಾಧನೆಯ ಬಲದಿಂದ ಗಟ್ಟಿಯಾದವನು ಪೆಟ್ಟಿಗೆ ಸದ್ದುಮಾಡುತ್ತಾನೆ. ಗಟ್ಟಿಯಾಗುವ ಗೊಡವೆಗೇ ಹೋಗದವನಲ್ಲಿ ಪೆಟ್ಟು ತಾಗಲು ಎಡೆಯಿಲ್ಲ.

ಗೋರಕ್ಷನ ಸೋಲನ್ನು ಒಪ್ಪುವುದು ಸುಲಭ. ಅವನ ವಜ್ರದೇಹದಿಂದ ಊರಿಗೇನು ಉಪಯೋಗ? ಸಿದ್ಧರಾಮನ ವಿಷಯ ಹಾಗಲ್ಲ. ಅವನ ಕೆರೆಯಿಂದ ಜನ ನೀರು ಕುಡಿದರು. 'ಶೂನ್ಯಸಂಪಾದನೆ' ಹೇಳುವಂತೆ, ಕೆರೆಯ ಕೆಲಸ ನಡೆಯುತ್ತಿದ್ದೆಡೆಗೆ ಬಂದ ಅಲ್ಲಮ, ನಿಮ್ಮ ಒಡ್ಡರಾಮನೆಲ್ಲಿ ಎಂದು ಕೇಳುತ್ತಾನೆ. ಮಣ್ಣು ಅಗೆಯುವವರ ಹೆಸರಿನಿಂದ ತಮ್ಮ ಗುರುವನ್ನು ಕರೆದದ್ದಕ್ಕೆ ಆಳುಗಳು ಕೆರಳಿ ಕಲ್ಲು ತೂರುತ್ತಾರೆ. ಆ ಕಲ್ಲುಗಳು ಅಲ್ಲಮನನ್ನು ನೋಯಿಸುವುದಿಲ್ಲ. ಸುದ್ದಿ ಕೇಳಿ ಬಂದ ಸಿದ್ಧರಾಮ ಹಣೆಗಣ್ಣನ್ನೇ ತೆರೆಯುತ್ತಾನೆ. ಆ ಬೆಂಕಿಯೂ ಅಲ್ಲಮನೆದುರು ತಣ್ಣಗಾಗುತ್ತದೆ. ಬೈಗುಳವೆಂದು ಅಂದು ಎಣಿಸಲಾದ ಆ ಹೆಸರಿನ ಸಮುದಾಯ, ಇಂದಿನ ಭೋವಿ ಸಮಾಜ, ಸಿದ್ಧರಾಮನನ್ನೇ ತನ್ನ ಗುರುವೆಂದು ಪೂಜಿಸುತ್ತದೆ. ಮಣ್ಣು ಹೊತ್ತವರ ತೀರ್ಪನ್ನೂ ಚರಿತ್ರೆ ಬರೆದುಕೊಳ್ಳಬೇಕಲ್ಲವೆ?

ಸಾವಿರಾರು ಜನರ ಬಾಯಾರಿಕೆ ನೀಗಿಸುವ ನೀರನ್ನು ಕೂಡಿಸಿದವನ ಹಣೆಯಲ್ಲಿ ಅಷ್ಟೊಂದು ಉರಿ ಇತ್ತೆಂಬುದು ಈ ಕಥೆಯ ತಿರುಳು. ಅಲ್ಲಮನ ಆಕ್ಷೇಪ ಕೆರೆಯ ಮೇಲಲ್ಲ, ಕಟ್ಟಿದೆನೆಂಬ ಅರಿವಿನ ಮೇಲೆ. ಲೋಕಕ್ಕೆ ತಂಪೆರೆಯುತ್ತ ಒಳಗೆ ಬೇಯುತ್ತಿರುವ ಸಜ್ಜನರು ಎಲ್ಲ ಕಾಲದಲ್ಲಿಯೂ ಇದ್ದಾರೆ. ನಮ್ಮ ದೀಪಾಂಜಲಿ ನಗರದಲ್ಲಿ, ಮೈಸೂರು ರಸ್ತೆಯ ಸದ್ದು ಏಳುವ ಮೊದಲೇ ಎದ್ದು ಧ್ಯಾನಕ್ಕೆ ಕೂರುವ ನಿವೃತ್ತರನ್ನು ನಾನು ಬಲ್ಲೆ. ಇಂದು ಎಷ್ಟು ನಿಮಿಷ ಕುಳಿತೆ, ನಿನ್ನೆಗಿಂತ ಹೆಚ್ಚೋ ಕಡಿಮೆಯೋ ಎಂದು ಅವರು ಲೆಕ್ಕವಿಡುತ್ತಾರೆ. ಕಚೇರಿ ಬಿಟ್ಟರೂ ಹಾಜರಿ ಪುಸ್ತಕ ಬಿಡಲಿಲ್ಲ! ಸುಮ್ಮನಿರುವುದನ್ನೂ ನಾವು ಒಂದು ಕೆರೆಯಂತೆ ಕಟ್ಟತೊಡಗುತ್ತೇವೆ.

ಇಲ್ಲಿ ಚರಿತ್ರೆಯ ಒಂದು ತೊಡಕನ್ನು ಹೇಳಲೇಬೇಕು. ಹರಿಹರನ ಸೋದರಳಿಯ ರಾಘವಾಂಕ 13ನೆಯ ಶತಮಾನದಲ್ಲಿ 'ಸಿದ್ಧರಾಮ ಚಾರಿತ್ರ'ವನ್ನು ಬರೆದ. ಕಾಲದಿಂದ ಸಿದ್ಧರಾಮನಿಗೆ ಬಹಳ ಹತ್ತಿರದವನು ಅವನು. ಅವನ ಕಾವ್ಯದಲ್ಲಿ ಅಲ್ಲಮನೊಡನೆ ನಡೆದ ಈ ಭೇಟಿಯೇ ಇಲ್ಲ. ಅಲ್ಲಿ ಸಿದ್ಧರಾಮ ಮಲ್ಲಯ್ಯನನ್ನು ಹುಡುಕಿ ಶ್ರೀಶೈಲಕ್ಕೆ ಹೋಗಿ ಬಂದು, ಸೊನ್ನಲಿಗೆಯನ್ನು ಇನ್ನೊಂದು ಶ್ರೀಶೈಲವಾಗಿ ಕಟ್ಟುತ್ತಾನೆ. ಅವನ ಕರ್ಮಯೋಗಕ್ಕೆ ಯಾರ ತಿದ್ದುಪಡಿಯೂ ಬೇಕಾಗಿಲ್ಲ. ಭೇಟಿ ನಡೆದೇ ಇಲ್ಲವೆಂದು ಇದರಿಂದ ಸಾಧಿಸಲಾಗದು. ಆದರೆ ಅದನ್ನು ಬೆಳೆಸಿ ವಾದಸಂವಾದವಾಗಿಸಿದವರು ಮುಂದಿನವರು.

ಯಾರವರು? 'ಶೂನ್ಯಸಂಪಾದನೆ'ಯನ್ನು ಮೊದಲು ಜೋಡಿಸಿದವನು ಶಿವಗಣಪ್ರಸಾದಿ ಮಹಾದೇವಯ್ಯ, 15ನೆಯ ಶತಮಾನದಲ್ಲಿ. ಬಳಿಕ ಹಲಗೆಯಾರ್ಯ, ಗುಮ್ಮಳಾಪುರದ ಸಿದ್ಧಲಿಂಗಯತಿ, ಕೊನೆಗೆ ಗೂಳೂರು ಸಿದ್ಧವೀರಣ್ಣೊಡೆಯ. ಸಿದ್ಧವೀರಣ್ಣೊಡೆಯನ ಕೃತಿಯನ್ನು 1958ರಲ್ಲಿ ಸಂ. ಶಿ. ಭೂಸನೂರಮಠರು ಪರಿಷ್ಕರಿಸಿ ಕೊಟ್ಟದ್ದು ನಮ್ಮ ಪೀಳಿಗೆಯ ವಿದ್ಯಾರ್ಥಿಗಳಿಗೆ ದೊಡ್ಡ ಉಪಕಾರವಾಯಿತು. ಈ ಸಿದ್ಧವೀರಣ್ಣೊಡೆಯ ಎಡೆಯೂರಿನ ತೋಂಟದ ಸಿದ್ಧಲಿಂಗಯತಿಯ ಶಿಷ್ಯಪರಂಪರೆಯವನು. ಕುಣಿಗಲ್ ಸೀಮೆಯ ಕಗ್ಗೆರೆಯ ತೋಟದಲ್ಲಿ, ಮೈಮೇಲೆ ಹುತ್ತ ಬೆಳೆಯುವಷ್ಟು ಕಾಲ ಅಲುಗದೆ ಕುಳಿತನೆಂದು ಹೆಸರಾದ ಯತಿಯವನು. 'ತೋಂಟದ' ಎಂಬುದು ಅಲ್ಲಿಂದ ಬಂದ ವಿಶೇಷಣ. ಅಂಥ ನಿಶ್ಚಲತೆಯನ್ನು ಆದರ್ಶವಾಗಿ ಕಂಡ ಪರಂಪರೆಗೆ ಕೆರೆ ಕಟ್ಟುವ ಸಿದ್ಧರಾಮ ಒಂದು ಪ್ರಶ್ನೆಯಾಗಿ ಕಾಡಿದ್ದರೆ ಸಹಜವೇ. ಅವನನ್ನು ಬಿಟ್ಟುಬಿಡಲು ಅವರಿಗೆ ಮನಸ್ಸು ಬರಲಿಲ್ಲ. ಅಲ್ಲಮನಿಂದ ತಿದ್ದಿಸಿ, ಕಲ್ಯಾಣಕ್ಕೆ ಕರೆತಂದು, ಚೆನ್ನಬಸವಣ್ಣನಿಂದ ದೀಕ್ಷೆ ಕೊಡಿಸಿದರು. ಅಲ್ಲಮನೂ ಚೆನ್ನಬಸವಣ್ಣನೂ ಏರಿದ ಶೂನ್ಯಪೀಠಕ್ಕೆ ಮೂರನೆಯವನಾಗಿ ಪರಂಪರೆ ಹೆಸರಿಸುವುದು ಇದೇ ಸಿದ್ಧರಾಮನನ್ನು.

ಅಲ್ಲಮ ಗೆದ್ದನೆಂದು ಗ್ರಂಥ ಹೇಳುತ್ತದೆ. ನನಗೆ ಅಷ್ಟು ಖಚಿತವಾಗಿ ಹೇಳಲು ಧೈರ್ಯ ಸಾಲದು. ಶ್ರೀಶೈಲದ ಕದಳಿಯಲ್ಲಿ ಅಲ್ಲಮ ಬಯಲಾದನೆನ್ನುತ್ತಾರೆ. ಸೋಲಾಪುರದಲ್ಲಿ ಸಿದ್ಧರಾಮನ ಗುಡಿಯ ಸುತ್ತ ಕೆರೆ ಇನ್ನೂ ಇದೆ. ಪ್ರತಿ ಸಂಕ್ರಾಂತಿಯ ಜಾತ್ರೆಯಲ್ಲಿ ಭಕ್ತರು ಎತ್ತರವಾದ ನಂದಿಧ್ವಜಗಳನ್ನು ಹೊತ್ತು, ಅವನು ಸ್ಥಾಪಿಸಿದನೆನ್ನುವ 68 ಲಿಂಗಗಳನ್ನು ಸುತ್ತಿ ಬರುತ್ತಾರೆ. ಭಾರವಾದ ಆ ಕೋಲನ್ನು ವಾಲದಂತೆ ನೆಟ್ಟಗೆ ಹಿಡಿದು ನಡೆಯಲು ಬಹಳ ಶ್ರಮ ಬೇಕು.