ನಿಲ್ಲುವವರು ಮತ್ತು ಗೆಲ್ಲುವವರು: ಬೆಳಗಾವಿ–ಖಾನಾಪುರದ ಮರಾಠಿ ಅಗ್ರಲೇಖನ ಹಾಗೂ ಪಕ್ಷ ರಾಜಕಾರಣ

ಬೆಳಗಾವಿಯ ರಾಜಕಾರಣದ ಬಗ್ಗೆ ಬರೆಯುವವರಲ್ಲಿ ಒಂದು ನಂಬಿಕೆ ಬೇರೂರಿದೆ: ಮರಾಠಿ ಪತ್ರಿಕೆಯ ಅಗ್ರಲೇಖನ ತೋರಿದ ಕಡೆಗೆ ಮರಾಠಿ ಮತ ಹರಿಯುತ್ತದೆ. ಭಾಷೆ, ಶಿವಾಜಿ ಪರಂಪರೆ, ಹಿಂದೂ ಅಸ್ಮಿತೆ ಇವನ್ನು ಕಾಯುವುದೇ ಕರ್ತವ್ಯವೆಂದು ಬರೆಯುವವರನ್ನು ಇಲ್ಲಿ ‘ಸಂಪ್ರದಾಯನಿಷ್ಠ’ ಅಭಿಪ್ರಾಯಕಾರರೆಂದು ಕರೆದಿದ್ದೇನೆ. ಅವರಿಗೆ ಪ್ರಭಾವವಿದೆ; ಆದರೆ ಅದು ಮತಗಟ್ಟೆಗಿಂತ ಬಹಳ ಮೊದಲೇ ಕೆಲಸ ಮುಗಿಸಿರುತ್ತದೆ ಎಂಬುದು ಈ ಲೇಖನದ ವಾದ.

ಹಿನ್ನೆಲೆ ಪರಿಚಿತವೇ. 1956ರಲ್ಲಿ ಬೆಳಗಾವಿ ಮುಂಬಯಿ ರಾಜ್ಯದಿಂದ ಮೈಸೂರಿಗೆ ಸೇರಿತು. 1967ರ ಮಹಾಜನ ವರದಿ ನಗರವನ್ನು ಇಲ್ಲಿಯೇ ಉಳಿಸಿತು. 2004ರಲ್ಲಿ ಮಹಾರಾಷ್ಟ್ರ ಗಡಿವಿವಾದವನ್ನು ಸುಪ್ರೀಂ ಕೋರ್ಟಿಗೆ ಒಯ್ದಿತು. ಬಾಬುರಾವ್ ಠಾಕೂರ್ 1919ರಲ್ಲಿ ಆರಂಭಿಸಿದ ‘ತರುಣ ಭಾರತ’ ಗಡಿಹೋರಾಟದ ಮುಖವಾಣಿಯಾಗಿ ಬೆಳೆಯಿತು. ಸಂಘಪರಿವಾರಕ್ಕೆ ಹತ್ತಿರವಾದ ನಾಗಪುರದ ‘ತರುಣ ಭಾರತ’ ಬೇರೆ ಪತ್ರಿಕೆ. ಹೆಸರು ಒಂದೇ ಎಂಬ ಕಾರಣಕ್ಕೆ ಎರಡನ್ನೂ ಒಂದೆಂದು ಎಣಿಸುವುದು ತಪ್ಪು. ಅಯೋಧ್ಯೆ ಚಳವಳಿಯ ಕಾಲದ ಇಂಗ್ಲಿಷ್ ಮತ್ತು ಹಿಂದಿ ಪತ್ರಿಕೆಗಳನ್ನು ಹೋಲಿಸಿದ ಅರವಿಂದ ರಾಜಗೋಪಾಲ್, ಭಾಷೆ ಬೇರೆಯಾದಂತೆ ಓದುಗ ಸಮಾಜವೂ ಎರಡಾಗಿ ಒಡೆದಿದ್ದನ್ನು ತೋರಿಸಿದರು. ಆ ಮಾದರಿಯನ್ನು ಬೆಳಗಾವಿಗೆ ಹಾಗೆಯೇ ಹೊಂದಿಸಲಾಗದು. ಇಲ್ಲಿ ಎದುರುಬದುರಾಗಿರುವುದು ಎರಡು ದೇಶಭಾಷೆಗಳು. ಒಂದೇ ಓಣಿಯ, ಅನೇಕ ವೇಳೆ ಒಂದೇ ಮನೆಯ ಭಾಷೆಗಳು.

ಅಗ್ರಲೇಖನ ಮತವನ್ನು ತಿರುಗಿಸುತ್ತದೆಯೇ ಎಂಬ ಪ್ರಶ್ನೆಯ ಗಂಟು ಖಾನಾಪುರದಲ್ಲಿದೆ. ಬೆಳಗಾವಿಯನ್ನು ಮಹಾರಾಷ್ಟ್ರಕ್ಕೆ ಸೇರಿಸಬೇಕೆನ್ನುವ ಮಹಾರಾಷ್ಟ್ರ ಏಕೀಕರಣ ಸಮಿತಿಯ ಕೋಟೆಯೆನಿಸಿದ್ದ ಆ ಕ್ಷೇತ್ರದಲ್ಲಿ 2008ರಲ್ಲಿ ಬಿಜೆಪಿಯ ಪ್ರಹ್ಲಾದ ರೇಮಾಣಿ, 2013ರಲ್ಲಿ ಸಮಿತಿಯ ಅರವಿಂದ ಪಾಟೀಲ, 2018ರಲ್ಲಿ ಕಾಂಗ್ರೆಸ್ಸಿನ ಅಂಜಲಿ ನಿಂಬಾಳ್ಕರ್, 2023ರಲ್ಲಿ ಬಿಜೆಪಿಯ ವಿಠ್ಠಲ ಹಲಗೇಕರ ಗೆದ್ದರು. ಈ 15 ವರ್ಷಗಳಲ್ಲಿ ಗಡಿ ಕುರಿತ ಅಗ್ರಲೇಖನದ ನಿಲುವು ಕದಲಲಿಲ್ಲ. ಕದಲದ ಒಂದು ಕಾರಣದಿಂದ ಕದಲುವ ಫಲಿತಾಂಶವನ್ನು ವಿವರಿಸುವುದು ಹೇಗೆ? ವ್ಯತ್ಯಾಸದ ಕಾರಣಗಳು ಬೇರೆಡೆ ಇವೆ. 2013ರಲ್ಲಿ ಯಡಿಯೂರಪ್ಪನವರ ಕೆಜೆಪಿಯಿಂದ ಬಿಜೆಪಿ ಒಡೆದಿತ್ತು. 2018ರಲ್ಲಿ ಸಮಿತಿಯ ಬಣಗಳೇ ಇಬ್ಬರನ್ನು ಕಣಕ್ಕಿಳಿಸಿದ್ದವು.

ನಗರದ ಸಾಕ್ಷ್ಯವೂ ಇದೇ ಮಾತನ್ನು ಹೇಳುತ್ತದೆ. 2021ರ ಏಪ್ರಿಲ್‌ನ ಲೋಕಸಭಾ ಉಪಚುನಾವಣೆಯಲ್ಲಿ ಸಮಿತಿ ಬೆಂಬಲಿತ ಶುಭಂ ಶೆಳಕೆ ಒಂದು ಲಕ್ಷಕ್ಕೂ ಹೆಚ್ಚು ಮತ ಪಡೆದರು. ಬಿಜೆಪಿಯ ಮಂಗಳಾ ಅಂಗಡಿ 5,240 ಮತಗಳಿಂದ ಪಾರಾದರು. ಐದೇ ತಿಂಗಳಲ್ಲಿ, ಪಕ್ಷದ ಚಿಹ್ನೆಯ ಮೇಲೆ ಮೊದಲ ಬಾರಿಗೆ ನಡೆದ ಮಹಾನಗರ ಪಾಲಿಕೆ ಚುನಾವಣೆಯಲ್ಲಿ 58 ವಾರ್ಡುಗಳ ಪೈಕಿ 35 ಬಿಜೆಪಿಯ ಪಾಲಾದವು. ಈ ಹೋಲಿಕೆಗೆ ಮಿತಿಗಳಿವೆ. ಲೋಕಸಭಾ ಕ್ಷೇತ್ರ ಗೋಕಾಕ, ರಾಮದುರ್ಗದವರೆಗೂ ಚಾಚಿದೆ. ಖಾನಾಪುರವಂತೂ ಉತ್ತರ ಕನ್ನಡ ಲೋಕಸಭಾ ಕ್ಷೇತ್ರಕ್ಕೆ ಸೇರಿದ್ದು. ಶೆಳಕೆಯವರ ಮತಗಳಲ್ಲಿ ಖಾನಾಪುರದ ಒಲವನ್ನು ಹುಡುಕುವಂತಿಲ್ಲ. ಒಟ್ಟು ಎಣಿಕೆಯಿಂದ ಒಬ್ಬೊಬ್ಬ ಮತದಾರನ ಮನಸ್ಸನ್ನು ಊಹಿಸುವುದೂ ಅಪಾಯವೇ.

ಈ ಎಚ್ಚರಗಳೊಡನೆ ನನ್ನ ಪ್ರತಿಪಾದನೆ ಇದು: ಸಂಪ್ರದಾಯನಿಷ್ಠ ಅಭಿಪ್ರಾಯಕಾರರು ಗೆಲ್ಲುವವರನ್ನಲ್ಲ, ನಿಲ್ಲುವವರನ್ನು ನಿರ್ಧರಿಸುತ್ತಾರೆ, ಪೂರ್ತಿಯಾಗಿ ಅಲ್ಲದಿದ್ದರೂ ಗಣನೀಯವಾಗಿ. ಖಾನಾಪುರದಲ್ಲಿ ಮರಾಠಿಯಲ್ಲಿ ಮತ ಕೇಳಲಾಗದವರಿಗೆ ಟಿಕೆಟ್ ಕೊಡಲು ಇಂದು ಪ್ರತಿಯೊಂದು ದೊಡ್ಡ ಪಕ್ಷವೂ ಹಿಂಜರಿಯುತ್ತದೆ. 2023ರ ಮಾರ್ಚ್‌ನಲ್ಲಿ ಯಳ್ಳೂರಿನ ರಾಜಹಂಸಗಡದ ಶಿವಾಜಿ ಪ್ರತಿಮೆಯನ್ನು ಮುಖ್ಯಮಂತ್ರಿ ಬೊಮ್ಮಾಯಿ ಅನಾವರಣ ಮಾಡಿದ ಕೆಲವೇ ದಿನಗಳಲ್ಲಿ ಕಾಂಗ್ರೆಸ್ ಅದನ್ನು ಮತ್ತೆ ಅನಾವರಣ ಮಾಡಿತು. ದಶಕಗಳಿಂದ ಅಂಕಣಗಳು ಕಾದಿಟ್ಟ ಸಂಕೇತಕ್ಕೆ ಎರಡು ಪಕ್ಷಗಳು ಪೈಪೋಟಿ ನಡೆಸಿದವು. ಆ ಸಂಕೇತವನ್ನೇ ನೆಚ್ಚಿದ್ದ ಸಮಿತಿಗೆ 2018ರಂತೆ 2023ರಲ್ಲೂ ಒಂದು ಸ್ಥಾನವೂ ದಕ್ಕಲಿಲ್ಲ. ವಾದ ಗೆದ್ದಿತು, ವಾದಿಸಿದ ಪಕ್ಷ ಸೋತಿತು.

ಇಲ್ಲೊಂದು ತೊಡಕನ್ನು ಒಪ್ಪಿಕೊಳ್ಳಬೇಕು. ಬೆಳಗಾವಿಯ ‘ತರುಣ ಭಾರತ’ದ ಸಂಪಾದಕ ಕಿರಣ ಠಾಕೂರ್ ಸಮಿತಿಯ ಮುಂದಾಳುಗಳಲ್ಲಿ ಒಬ್ಬರು. ಲೇಖನಿಯ ಬಲವೆಷ್ಟು, ಸಂಘಟನೆಯ ಬಲವೆಷ್ಟು ಎಂದು ಬೇರ್ಪಡಿಸುವುದು ಸುಲಭವಲ್ಲ. ಕನ್ನಡದ ಉದಾಹರಣೆ ತುಸು ನೆರವಾದೀತು. ಅಂಕಣಕಾರ ಪ್ರತಾಪ ಸಿಂಹ 2014 ಮತ್ತು 2019ರಲ್ಲಿ ಮೈಸೂರಿನಿಂದ ಬಿಜೆಪಿ ಸಂಸದರಾದರು. 2024ರಲ್ಲಿ ಪಕ್ಷ ಟಿಕೆಟನ್ನು ಯದುವೀರ ಒಡೆಯರ್ ಅವರಿಗೆ ನೀಡಿತು. ಓದುಗರು ತಂದುಕೊಟ್ಟ ಹೆಸರು ಬಾಗಿಲು ತೆರೆಸಿತು. ಕೀಲಿಕೈ ಪಕ್ಷದ ಬಳಿಯೇ ಉಳಿಯಿತು.

ಈ ನಿರ್ಣಯ ತಾತ್ಕಾಲಿಕ. ವಾರ್ಡುವಾರು ಅಭ್ಯರ್ಥಿಗಳ ಪಟ್ಟಿಯನ್ನು ಅದೇ ವಾರಗಳ ಅಗ್ರಲೇಖನಗಳ ಪಕ್ಕದಲ್ಲಿಟ್ಟು ಓದಿದಾಗ ಮಾತ್ರ ಇದು ನಿಲ್ಲುತ್ತದೋ ಬೀಳುತ್ತದೋ ತಿಳಿದೀತು. ಖಾನಾಪುರದ ಹಳ್ಳಿಗಳಲ್ಲಿ ಮರಾಠಿ ಪತ್ರಿಕೆ ಮತ್ತು ಕನ್ನಡ ಪತ್ರಿಕೆ ಎರಡನ್ನೂ ಓದುವವರ ಒಲವು ಮುಂದಿನ ಅಧ್ಯಯನಕ್ಕೆ ಉಳಿದ ಪ್ರಶ್ನೆ.