ಮನೆಬಾಡಿಗೆಯ ಮುಂಗಡ: ಮದರಾಸು ಶಾಸನಪರಂಪರೆಯ ಒಂದು ಸಮೀಕ್ಷೆ

ಮನೆ ಹಿಡಿಯುವಾಗ ಬಾಡಿಗೆದಾರನು ಕೊಡುವ ಮುಂಗಡವು ಯಾರ ಸ್ವತ್ತು ಎಂಬ ಪ್ರಶ್ನೆ ಮೇಲುನೋಟಕ್ಕೆ ಅಲ್ಪವಾದುದು. ಆದರೆ ಮದರಾಸು ಪ್ರಾಂತ್ಯದ ಬಾಡಿಗೆ ಶಾಸನಗಳನ್ನು ಕ್ರಮವಾಗಿ ನೋಡುತ್ತ ಬಂದರೆ, ಬಾಡಿಗೆದಾರನು ಮನೆಯಲ್ಲಿ ಉಳಿಯುವುದೂ ಬೀದಿಗೆ ಬೀಳುವುದೂ ಈ ಪ್ರಶ್ನೆಯನ್ನೇ ಅವಲಂಬಿಸಬಹುದೆಂಬುದು ನಮಗೆ ಮನವರಿಕೆಯಾಗುತ್ತದೆ.

ಯುದ್ಧಕಾಲದಲ್ಲಿ, ಭಾರತ ರಕ್ಷಣಾ ನಿಯಮಗಳ ಬಲದಿಂದ, ಮದರಾಸು ಸರ್ಕಾರವು 1941ರಲ್ಲಿ ಮನೆಬಾಡಿಗೆ ನಿಯಂತ್ರಣದ ಆಜ್ಞೆಯನ್ನು ಹೊರಡಿಸಿತು. 1946 ಮತ್ತು 1949ರ ಅಧಿನಿಯಮಗಳು ಅದನ್ನು ಮುಂದುವರಿಸಿದವು. ಬಳ್ಳಾರಿಯು 1953ರವರೆಗೆ, ದಕ್ಷಿಣ ಕನ್ನಡವು 1956ರವರೆಗೆ ಮದರಾಸಿಗೆ ಸೇರಿದ್ದುದರಿಂದ ಈ ಪರಂಪರೆ ನಮಗೆ ತೀರ ಹೊರಗಿನದಲ್ಲ.

ಬಾಡಿಗೆಗೆ ಮಿತಿ ಬಿದ್ದೊಡನೆ ಮನೆಯೊಡೆಯರು ಕಳೆದುಕೊಂಡದ್ದನ್ನು ಬೇರೊಂದು ಹೆಸರಿನಲ್ಲಿ ಪಡೆಯಲೆತ್ನಿಸುವುದು ಸಹಜ. ಮುಂಬಯಿಯ ‘ಪಗಡಿ’ ಇದಕ್ಕೆ ಪ್ರಸಿದ್ಧ ನಿದರ್ಶನ. ಆದುದರಿಂದಲೇ 1960ರಲ್ಲಿ ಮದರಾಸೂ ಆಂಧ್ರವೂ ರಚಿಸಿಕೊಂಡ ಹೊಸ ಅಧಿನಿಯಮಗಳು ಒಂದು ತಿಂಗಳ ಬಾಡಿಗೆಗೆ ಮೀರಿದ ಮುಂಗಡವನ್ನು ನಿಷೇಧಿಸಿದವು. ಮೀರಿದ ಹಣವನ್ನು ಹಿಂದಿರುಗಿಸಬೇಕು, ಇಲ್ಲವೆ ಬಾಡಿಗೆದಾರನ ಇಚ್ಛೆಯಂತೆ ಬಾಡಿಗೆಗೆ ವಜಾ ಹಾಕಬೇಕು.

ಈ ನಿಯಮದ ನಿಜವಾದ ಪರೀಕ್ಷೆ ನೆಲ್ಲೂರು ಸೀಮೆಯ ಗೂಡೂರಿನ ಹೋಟೆಲೊಂದರ ವ್ಯಾಜ್ಯದಲ್ಲಿ ನಡೆಯಿತು. ಬಾಡಿಗೆ ಬಾಕಿಯಾಗಿದೆಯೆಂದು ಮಾಲೀಕನು ತೆರವು ಬೇಡಿದನು. ಆದರೆ ಬಾಕಿಗಿಂತ ಹೆಚ್ಚಿನ ಮುಂಗಡವು ಅವನ ಕೈಯಲ್ಲಿಯೇ ಇದ್ದಿತು. ಶಾಸನವು ಇಟ್ಟುಕೊಳ್ಳಗೊಡದ ಹಣವನ್ನು ಇಟ್ಟುಕೊಂಡವನು ಎದುರಾಳಿಯನ್ನು ತಪ್ಪುಗಾರನೆನ್ನಲು ಬರುವುದಿಲ್ಲವೆಂಬ ಭಾವದಿಂದ ಸರ್ವೋಚ್ಚ ನ್ಯಾಯಾಲಯವು 1989ರಲ್ಲಿ ಬಾಡಿಗೆದಾರನ ಪರವಾಗಿ ತೀರ್ಮಾನಿಸಿತು. ಕೊಟ್ಟವನ ಮೇಲಿನ ಹಿಡಿತವಾಗಿದ್ದ ಮುಂಗಡವು ಇಲ್ಲಿ ಅವನ ರಕ್ಷಣೆಯಾಗಿ ಪರಿಣಮಿಸಿದುದು ನಮ್ಮ ದೃಷ್ಟಿಯಲ್ಲಿ ಬಹು ಮುಖ್ಯವಾದ ಸಂಗತಿ. ಹತ್ತು ತಿಂಗಳ ಮುಂಗಡವನ್ನು ಊರ ವಾಡಿಕೆಯೆಂದು ಎಣಿಸಿದ್ದ ಬೆಂಗಳೂರಿನವರಿಗೆ ಒಂದು ತಿಂಗಳ ಮಿತಿ ವಿನೋದವಾಗಿ ತೋರೀತು!

ತಮಿಳುನಾಡು 1960ರ ಅಧಿನಿಯಮವನ್ನು ತೊರೆದು 2017ರಲ್ಲಿ ಹೊಸದೊಂದನ್ನು ಮಾಡಿ, 2019ರಲ್ಲಿ ಜಾರಿಗೆ ತಂದಿತು. ಅದರಲ್ಲಿ ಭದ್ರತಾ ಠೇವಣಿಯ ಮಿತಿ ಮೂರು ತಿಂಗಳ ಬಾಡಿಗೆ. ಆದರೆ ‘ಬೇರೆ ರೀತಿಯ ಕರಾರು ಇಲ್ಲದಿದ್ದರೆ’ ಎಂಬ ಷರತ್ತು ಅದರೊಡನೆ ಸೇರಿದೆ. ಕರಾರನ್ನು ಬರೆಸುವವನು ಸಾಮಾನ್ಯವಾಗಿ ಮನೆಯೊಡೆಯನೇ ಆದುದರಿಂದ, ಈ ಒಂದು ವಾಕ್ಯಾಂಶವು ಮಿತಿಯನ್ನು ಬಹುಮಟ್ಟಿಗೆ ಸಡಿಲಿಸಿದೆಯೆಂದು ನಾವು ಭಾವಿಸುತ್ತೇವೆ. ಕೇಂದ್ರ ಸರ್ಕಾರವು 2021ರಲ್ಲಿ ಅಂಗೀಕರಿಸಿದ ಮಾದರಿ ಬಾಡಿಗೆ ಅಧಿನಿಯಮವು ವಾಸದ ಮನೆಗೆ ಎರಡು ತಿಂಗಳು, ಇತರ ಕಟ್ಟಡಗಳಿಗೆ ಆರು ತಿಂಗಳು ಎಂದು ಮಿತಿಯನ್ನು ಗೊತ್ತುಪಡಿಸಿ, ಕರಾರನ್ನೂ ಆ ಮಿತಿಗೆ ಒಳಪಡಿಸಿದೆ. ಆದರೆ ಅದು ಮಾದರಿ ಮಾತ್ರ. ಆಯಾ ರಾಜ್ಯದ ವಿಧಾನಮಂಡಲವು ಅಂಗೀಕರಿಸಿದಲ್ಲದೆ ಅದಕ್ಕೆ ಬಲವಿಲ್ಲ.