ವೈರಸ್‌ಗೊಂದು ಔಷಧ, ಊತಕ್ಕೊಂದು

ದಾದರ್‌ನಿಂದ ಮಾತಾಡ್ತಿದ್ದೀನಿ. ಪ್ಲೇಗ್ ಲಸಿಕೆ ಕಂಡುಹಿಡಿದ ಹಾಫ್‌ಕಿನ್ ಹೆಸರಿನ ಸಂಸ್ಥೆ ಇಲ್ಲೇ ಪಕ್ಕದ ಪರೇಲ್‌ನಲ್ಲಿದೆ. ಲಸಿಕೆ ರೋಗಕ್ಕೆ ಮುಂಚಿನ ಮಾತು. ವೈರಸ್ ಮಿದುಳಿಗೇ ಹೊಕ್ಕರೆ?

ಹರ್ಪಿಸ್ ವೈರಸ್‌ನಿಂದ ಮಿದುಳು ಊದಿಕೊಂಡರೆ, ಔಷಧವಿಲ್ಲದ ಕಾಲದಲ್ಲಿ ಹತ್ತರಲ್ಲಿ ಏಳು ಜನ ಸಾಯ್ತಿದ್ರು. 1977ರಲ್ಲಿ ವಿಡಾರಬಿನ್ ಫಲ ಕೊಟ್ಟಿತು. 1986ರ ಅಮೆರಿಕದ ಪ್ರಯೋಗದಲ್ಲಿ ವಿಡಾರಬಿನ್ ಪಡೆದವರಲ್ಲಿ ಶೇ. 54 ಮಂದಿ ತೀರಿಕೊಂಡ್ರೆ, ಅಸೈಕ್ಲೋವಿರ್ ಪಡೆದವರಲ್ಲಿ ಶೇ. 28.

ಬದುಕಿದ ಅನೇಕರಿಗೆ ನೆನಪಿನ ಶಕ್ತಿ ಕುಂದಿತ್ತು. ಯಾಕಂದ್ರೆ ವೈರಸ್ ಜೊತೆಗೆ, ಅದರ ವಿರುದ್ಧ ದೇಹ ಎಬ್ಬಿಸೋ ಊತವೂ ಮಿದುಳನ್ನು ಕೆಡಿಸುತ್ತೆ. ಸ್ಟೀರಾಯ್ಡ್ ಊತ ಇಳಿಸುತ್ತೆ, ಆದ್ರೆ ದೇಹದ ರಕ್ಷಣೆಯನ್ನೂ ಕುಗ್ಗಿಸುತ್ತೆ. 2005ರಲ್ಲಿ ಜಪಾನಿನ ವೈದ್ಯರು 45 ರೋಗಿಗಳ ದಾಖಲೆ ತೆಗೆದು ನೋಡಿದಾಗ, ಎರಡನ್ನೂ ಪಡೆದವರೇ ಹೆಚ್ಚು ಚೇತರಿಸಿಕೊಂಡಿದ್ರು. ಅದು ಸುಳಿವು, ಪುರಾವೆಯಲ್ಲ.

ನಮ್ಮ ಕೋಲಾರ, ಮಂಡ್ಯ ಕಂಡ ಜಪಾನೀಸ್ ಎನ್ಸೆಫಲೈಟಿಸ್ ಕಥೆ ಬೇರೆ. ಅದರ ವೈರಸ್‌ಗೆ ಮದ್ದಿಲ್ಲ. ಸ್ಟೀರಾಯ್ಡ್ ಕೊಟ್ಟು ನೋಡಿದ ಥಾಯ್ಲೆಂಡ್ ಪ್ರಯೋಗದಲ್ಲಿ (1992) ಲಾಭ ಕಾಣಲಿಲ್ಲ. ಅಲ್ಲಿ ಲಸಿಕೆಯೇ ಆಸರೆ.

ಊರಿಂದ ಫೋನ್ ಬಂದು, "ಅಪ್ಪಂಗೆ ಜ್ವರ, ಏನೇನೋ ಮಾತಾಡ್ತಿದಾರೆ" ಅಂದ್ರೆ, ಮಾತ್ರೆ ಹೇಳಿ ಸುಮ್ಮನಾಗಬೇಡಿ. ತಕ್ಷಣ ದೊಡ್ಡಾಸ್ಪತ್ರೆಗೆ ಕರ್ಕೊಂಡು ಹೋಗೋಕೆ ಹೇಳಿ. ಸ್ಟೀರಾಯ್ಡ್ ಬೇಕೋ ಬೇಡವೋ ವೈದ್ಯರು ನೋಡ್ಕೋತಾರೆ. ಹರ್ಪಿಸ್ ಆಗಿದ್ರೆ, ಅಸೈಕ್ಲೋವಿರ್ ಬೇಗ ಶುರುವಾದಷ್ಟೂ ಮಿದುಳು ಉಳಿಯುತ್ತೆ.